ಶೋಲೆ ಶೂಟಿಂಗ್‌ನ ಹಳೆ ನೆನಪುಗಳನ್ನು ಹುಡುಕಿ, ಪರೀಕ್ಷಿಸಿ, ಹಂಚಿಕೊಳ್ಳುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

1973ರ ಅಕ್ಟೋಬರ್ 3ರಂದು ರಾಮನಗರದ ಬಂಡೆಗಳ ನಡುವೆ 'ಶೋಲೆ' ಚಿತ್ರೀಕರಣ ಶುರುವಾಯಿತು. ಸಿನಿಮಾ ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ಈ ನಡುವೆ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಊರಿನಲ್ಲಿ ರಾಮ್‌ಗಢ ಅನ್ನೋ ಇಡೀ ಹಳ್ಳಿಯನ್ನೇ ಕಟ್ಟಿದರು. ಸೆಟ್‌ಗೆ ಹೋಗಿಬರಲು ಹೆದ್ದಾರಿಯಿಂದ ರಸ್ತೆ ಮಾಡಿದರು. ಊರಿನ ಒಂದು ಭಾಗಕ್ಕೆ ನಿರ್ದೇಶಕ ರಮೇಶ್ ಸಿಪ್ಪಿ ಅವರಿಂದಾಗಿ ಸಿಪ್ಪಿ ನಗರ ಅನ್ನೋ ಹೆಸರೂ ಬಿತ್ತು. ಕೆಲಸ ಮುಗಿದ ಮೇಲೆ ಸೆಟ್ ಹೋಯಿತು. ಇವತ್ತು ಅಲ್ಲಿಗೆ ಹೋಗಿ ನಿಂತರೆ ಕಾಣುವುದು ಬಂಡೆ ಮಾತ್ರ.

ಮಿಕ್ಕಿದ್ದೆಲ್ಲ ಮನೆಗಳಲ್ಲಿದೆ. ಯಾರದೋ ಆಲ್ಬಮ್ಮಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ. ಯಾರದೋ ಟ್ರಂಕಿನಲ್ಲಿ ಕೂಲಿ ಕೊಟ್ಟ ವೋಚರ್. ಟಾಕೀಸಿನಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ತಂದಿಟ್ಟ ರೀಲಿನ ತುಂಡು. ಇಂಥವು ನಿಮ್ಮ ಮನೆಯಲ್ಲೂ ಇರಬಹುದು, ಪಕ್ಕದ ಬೀದಿಯಲ್ಲೂ ಇರಬಹುದು. ಅವನ್ನು ಹಾಳಾಗದಂತೆ, ಸುಳ್ಳು ಸೇರದಂತೆ, ಯಾರ ಮನಸ್ಸೂ ನೋಯದಂತೆ ಬೇರೆ ಅಭಿಮಾನಿಗಳ ಜೊತೆ ಹಂಚಿಕೊಳ್ಳುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಶೋಲೆಯನ್ನು ಹಿಡಿದು ಬರೆದಿದ್ದರೂ ಬೇರೆ ಹಳೆ ಸಿನಿಮಾಗಳಿಗೂ ಇದೇ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಸ್ತು ಎಷ್ಟೇ ಅಪರೂಪದ್ದಾಗಿರಲಿ, ಅದು ಯಾರದ್ದು, ಎಲ್ಲಿಂದ ಬಂತು, ಯಾರು ಹೇಳಿದರು ಅನ್ನೋ ವಿವರ ಇಲ್ಲದಿದ್ದರೆ ಅದು ಇಂದಲ್ಲ ನಾಳೆ ರದ್ದಿಗೆ ಹೋಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸ್ಕ್ಯಾನರ್‌ಗಿಂತ ಜಾಸ್ತಿ ಜಾಗ ಪೆನ್ನಿಗೆ ಸಿಕ್ಕಿದೆ.

ಹಂತ 1: ಇರುವುದನ್ನು ಮೂರು ಕಂತೆ ಮಾಡಿ

ಮೊದಲನೆಯ ಕಂತೆ, ಶೂಟಿಂಗ್ ನಡೆಯುವಾಗ ಹುಟ್ಟಿದ್ದು. ಸೆಟ್‌ನಲ್ಲಿ ತೆಗೆದ ಫೋಟೋ, ನೆಗೆಟಿವ್, ಕೂಲಿ ವೋಚರ್, ಮರ, ಗಾಡಿ, ಕುದುರೆ ಸರಬರಾಜು ಮಾಡಿದ ಬಿಲ್ಲು, ಪರವಾನಗಿ ಪತ್ರ, ಹೋಟೆಲಿನ ರಸೀದಿ, ಯಾರಿಗೋ ಬರೆದ ಕಾಗದ. ನೋಡಲು ಸಪ್ಪೆ, ಆದರೆ ನಿಜವಾದ ಬೆಲೆ ಇರುವುದು ಇದಕ್ಕೇ.

ಎರಡನೆಯದು, ಬಿಡುಗಡೆಗೆ ಅಂತ ಅಚ್ಚು ಹಾಕಿಸಿದ್ದು. ವಾಲ್‌ಪೋಸ್ಟರ್, ಟಾಕೀಸಿನ ಷೋಕೇಸಿನಲ್ಲಿ ಹಾಕುತ್ತಿದ್ದ ಲಾಬಿ ಕಾರ್ಡು ಮತ್ತು ಸ್ಟಿಲ್‌ಗಳು, ಹಾಡಿನ ಪುಸ್ತಕ, ಕರಪತ್ರ, ಗಾಜಿನ ಸ್ಲೈಡು, ಟಿಕೆಟ್ಟಿನ ಅರ್ಧ ತುಂಡು, ಗ್ರಾಮಫೋನ್ ರೆಕಾರ್ಡು. ಶೋಲೆಯ ಮಟ್ಟಿಗೆ ಪಾಲಿಡಾರ್ ಕಂಪನಿ ತಂದ ಸಂಭಾಷಣೆಯ ರೆಕಾರ್ಡನ್ನು ಮರೆಯುವಂತಿಲ್ಲ. ಹಾಡಲ್ಲ, ಬರೀ ಡೈಲಾಗ್. ಸಿನಿಮಾದ ಡಕಾಯಿತ ಗಬ್ಬರ್‌ನ ಮಾತು ಮದುವೆ ಮನೆಯ ಮೈಕಿನಲ್ಲೂ ಕೇಳುವಂತಾಗಿದ್ದು ಅದರಿಂದಲೇ.

ಮೂರನೆಯದು, ಆಮೇಲೆ ಬಂದದ್ದು. ಮರುಬಿಡುಗಡೆಯ ಪೋಸ್ಟರು, ಗಬ್ಬರ್‌ನನ್ನು ತೋರಿಸಿದ ಬಿಸ್ಕತ್ತಿನ ಜಾಹೀರಾತು, 2014ರ ತ್ರೀಡಿ ಆವೃತ್ತಿಯ ಸಾಮಾನು, ಕ್ಯಾಲೆಂಡರ್, ಟೀ ಶರ್ಟು. ಇದನ್ನು ಕೀಳಾಗಿ ನೋಡಬೇಡಿ. ಮೊದಲ ಎರಡು ಕಂತೆಯ ಜೊತೆ ಬೆರೆಸಬೇಡಿ, ಅಷ್ಟೇ.

ಯಾವ ಕಂತೆಗೆ ಹಾಕಬೇಕೋ ತಿಳಿಯದ್ದು ಖಂಡಿತ ಸಿಗುತ್ತದೆ. ಅದಕ್ಕೆ ಬೇರೆಯೇ ಒಂದು ಲಕೋಟೆ ಇಡಿ.

ಹಂತ 2: ಸ್ಕ್ಯಾನ್ ಮಾಡುವ ಮೊದಲು ಮನೆಯ ಹಿರಿಯರ ಹತ್ತಿರ ಕೂತ್ಕೊಳ್ಳಿ

ಶೂಟಿಂಗ್ ಹೊತ್ತಿಗೆ 20 ವರ್ಷ ಆಗಿದ್ದವರಿಗೆ ಈಗ 70 ದಾಟಿದೆ. ಫೋಟೋ ಇನ್ನೂ ಹತ್ತು ವರ್ಷ ಇರುತ್ತದೆ, ಅದರ ಕಥೆ ಹೇಳುವವರು ಇರುತ್ತಾರೆ ಅನ್ನುವಂತಿಲ್ಲ. ಅದಕ್ಕೇ ಇದನ್ನು ಸ್ಕ್ಯಾನಿಂಗ್‌ಗಿಂತ ಮುಂಚೆ ಇಟ್ಟಿದ್ದೇನೆ.

ಗುಂಪು ಕಟ್ಟಿಕೊಂಡು ಹೋಗಬೇಡಿ. ಇಬ್ಬರು ಸಾಕು: ಒಬ್ಬರು ಮಾತಾಡಲು, ಒಬ್ಬರು ಬರೆದುಕೊಳ್ಳಲು. ಪರಿಚಯದವರನ್ನು ಮುಂದಿಟ್ಟುಕೊಂಡು ಹೋದರೆ ಬಾಗಿಲು ಬೇಗ ತೆರೆಯುತ್ತದೆ. ರಾಮನಗರದಲ್ಲಿ ಕನ್ನಡದ ಜೊತೆ ದಖನಿ ಉರ್ದು ಮಾತಾಡುವ ಮನೆಗಳು ಬೇಕಾದಷ್ಟಿವೆ, ತೆಲುಗು ಮನೆಗಳೂ ಇವೆ. ಅವರ ಭಾಷೆ ಬರುವವರು ಜೊತೆಗಿದ್ದರೆ ನೆನಪು ಸಲೀಸಾಗಿ ಹೊರಗೆ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ: "ತಾತ, ನೀವು ಹೇಳೋದನ್ನ ರೆಕಾರ್ಡ್ ಮಾಡ್ಕೊಳ್ಲಾ? ಬೇರೆಯವರಿಗೆ ಕೇಳಿಸಿದ್ರೆ ನಿಮ್ಗೇನೂ ಬೇಜಾರಿಲ್ಲ ಅಲ್ವಾ?" ಅವರು ಹೂಂ ಅಂದದ್ದು ಅದೇ ರೆಕಾರ್ಡಿಂಗ್‌ನಲ್ಲಿ ಇರಲಿ.

"ಅಮಿತಾಭ್ ಹೇಗಿದ್ರು?" ಅಂತ ಶುರು ಮಾಡಬೇಡಿ. ಆ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ: "ಎತ್ತರ ಇದ್ರು." ಪಾಪ, ಅವರಾದರೂ ಬೇರೇನು ಹೇಳಬೇಕು? ಅವರ ದಿನದ ಬಗ್ಗೆ ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗ್ತಿದ್ರಿ? ನಡ್ಕೊಂಡಾ, ಲಾರಿಯಲ್ಲಾ? ಕೂಲಿ ಎಷ್ಟು, ಕೈಗೆ ಕೊಡ್ತಿದ್ದವರು ಯಾರು? ಊಟ ಅಲ್ಲೇನಾ, ಮನೆಯಿಂದ ಬುತ್ತಿನಾ? ನಿಮ್ಮ ಬಟ್ಟೆನೇನಾ, ಅವರು ಕೊಟ್ಟಿದ್ದಾ? ಸೆಟ್ ಬಿಚ್ಚಿದ ಮೇಲೆ ಮರಮುಟ್ಟು ಎಲ್ಲಿಗೆ ಹೋಯ್ತು? ಇಂಥ ಪ್ರಶ್ನೆಗೆ ಸಿಗುವ ಉತ್ತರ ಯಾವ ಸಿನಿಮಾ ಪತ್ರಿಕೆಯಲ್ಲೂ ಇರುವುದಿಲ್ಲ.

ಫೋಟೋವನ್ನು ಅವರ ಕೈಗೇ ಕೊಟ್ಟು ಸುಮ್ನೆ ಕೂತ್ಕೊಳ್ಳಿ. ಮೊದಲು ಮಧ್ಯದಲ್ಲಿರುವ ನಟರನ್ನು ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬೆರಳು ಅಂಚಿಗೆ ಹೋಗುತ್ತದೆ. ಹಿಂದೆ ನಿಂತಿರುವ ಹುಡುಗ, ರಿಫ್ಲೆಕ್ಟರ್ ಹಿಡಿದವನು, ಕುದುರೆಗೆ ನೀರು ಕುಡಿಸುತ್ತಿರುವವನು. ಆ ಹೆಸರುಗಳು ಪರದೆಯ ಮೇಲೆ ಬರಲೇ ಇಲ್ಲ. ನೀವು ಬರೆದುಕೊಳ್ಳಬೇಕಾದದ್ದು ಅವನ್ನು.

ನೆನಪು ಜಾರುತ್ತದೆ, ಅದೂ ಗೊತ್ತಿರಲಿ. ಐವತ್ತು ವರ್ಷದಲ್ಲಿ ಸಿನಿಮಾವನ್ನು ಟಿವಿಯಲ್ಲಿ ಎಷ್ಟೋ ಸಲ ನೋಡಿರುತ್ತಾರೆ, ಕಂಡದ್ದು ಯಾವುದು, ಟಿವಿಯಲ್ಲಿ ನೋಡಿದ್ದು ಯಾವುದು ಅನ್ನುವುದು ಕಲಸಿಹೋಗಿರುತ್ತದೆ. ರೈಲು ದರೋಡೆಯ ಶೂಟಿಂಗ್ ರಾಮನಗರ ಸ್ಟೇಷನ್ನಿನಲ್ಲಿ ನೋಡಿದೆ ಅನ್ನುವವರು ಸಿಗಬಹುದು. ಆ ದೃಶ್ಯ ತೆಗೆದದ್ದು ಬೊಂಬಾಯಿ–ಪುಣೆ ಮಾರ್ಗದಲ್ಲಿ, ಪನ್ವೇಲ್ ಹತ್ತಿರ, ಏಳು ವಾರಕ್ಕೂ ಜಾಸ್ತಿ ಹಿಡಿಯಿತು. ಜೈಲಿನ ಸೆಟ್ ಇದ್ದದ್ದೂ ಬೊಂಬಾಯಿಯಲ್ಲೇ. ಹಾಗಂತ ಹಿರಿಯರ ಮಾತನ್ನು ಅಲ್ಲೇ ತಿದ್ದಲು ಹೋಗಬೇಡಿ. ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಿ, ನಿಮ್ಮ ಟಿಪ್ಪಣಿಯನ್ನು ಕೆಳಗೆ ಬೇರೆಯಾಗಿ ಸೇರಿಸಿ.

ಹಂತ 3: ಕಾಗದದ ವಯಸ್ಸು ಪತ್ತೆ ಮಾಡಿ

ಶೋಲೆಯ ಕಾಗದಪತ್ರಗಳಿಗೆ ಒಂದು ಒಳ್ಳೆಯ ಅನುಕೂಲ ಇದೆ. ಶೂಟಿಂಗ್ ಶುರುವಾದ ತಿಂಗಳೊಳಗೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು. ಹಾಗಾಗಿ ಮೊದಲ ವಾರಗಳ ಸರ್ಕಾರಿ ಕಾಗದದಲ್ಲಿ ಮೈಸೂರು ಅಂತಲೇ ಇರಬೇಕು. ಆಮೇಲಿನದರಲ್ಲಿ ಕರ್ನಾಟಕ ಬರುತ್ತದೆ. ಆದರೆ ಸರ್ಕಾರಿ ಕಚೇರಿ ಅಲ್ವಾ, ಹಳೆ ಲೆಟರ್‌ಹೆಡ್ ಖಾಲಿಯಾಗುವವರೆಗೂ ಬಿಸಾಡುವುದಿಲ್ಲ. 1974ರ ಕಾಗದದಲ್ಲಿ ಮೈಸೂರು ರಾಜ್ಯ ಅಂತ ಅಚ್ಚಾಗಿದ್ದರೆ, ಅದರ ಮೇಲೆ ರಬ್ಬರ್ ಸ್ಟಾಂಪಿನಲ್ಲಿ ಕರ್ನಾಟಕ ಅಂತ ಒತ್ತಿದ್ದರೆ ಅನುಮಾನ ಪಡಬೇಕಾಗಿಲ್ಲ. 1973ರ ಅಕ್ಟೋಬರ್ ತಾರೀಕು ಹಾಕಿದ ಕಾಗದದಲ್ಲಿ ಕರ್ನಾಟಕ ಸರ್ಕಾರ ಅಂತ ಅಚ್ಚಾಗಿದ್ದರೆ ಮಾತ್ರ ನಿಂತು ನೋಡಿ.

ಜಿಲ್ಲೆಯ ಹೆಸರೂ ಹೀಗೇ. ಆಗ ರಾಮನಗರ ಬೆಂಗಳೂರು ಜಿಲ್ಲೆಯಲ್ಲಿತ್ತು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದದ್ದು 1986ರಲ್ಲಿ, ರಾಮನಗರ ಜಿಲ್ಲೆ 2007ರಲ್ಲಿ. 2025ರಲ್ಲಿ ಅದು ಬೆಂಗಳೂರು ದಕ್ಷಿಣ ಜಿಲ್ಲೆ ಆಯಿತು. "ರಾಮನಗರ ಜಿಲ್ಲೆ" ಅಂತ ಮುದ್ರೆ ಇರುವ 1974ರ ಬಿಲ್ಲು ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಹೊರಡಬಹುದು.

ಇನ್ನು ಕೆಲವು ಸುಳಿವುಗಳು. ಬೊಂಬಾಯಿ ಮುಂಬೈ ಆದದ್ದು 1995ರಲ್ಲಿ, ಮದ್ರಾಸು ಚೆನ್ನೈ ಆದದ್ದು 1996ರಲ್ಲಿ. ಪಿನ್‌ಕೋಡ್ 1972ರಲ್ಲೇ ಬಂದಿದೆ, ಆದ್ದರಿಂದ ಆರಂಕಿ ಪಿನ್ ಕಂಡ ಕೂಡಲೇ ನಕಲಿ ಅನ್ನಬೇಡಿ. ರೂಪಾಯಿಯ ಈಗಿನ ಚಿಹ್ನೆ 2010ರದ್ದು, ಅದು ಇದ್ದರೆ ಹಳೆಯದಲ್ಲ. ವೋಚರ್ ಮೇಲೆ ಅಂಟಿಸಿದ ರೆವಿನ್ಯೂ ಸ್ಟಾಂಪಿನ ಬೆಲೆ ಪೈಸೆಯಲ್ಲಿದೆಯಾ ನೋಡಿ. ಆಗ ಪ್ರತಿ ಮಾಡುತ್ತಿದ್ದದ್ದು ಹೆಚ್ಚಾಗಿ ಕಾರ್ಬನ್ ಹಾಳೆಯಲ್ಲಿ ಅಥವಾ ಸೈಕ್ಲೋಸ್ಟೈಲ್‌ನಲ್ಲಿ. ಕಾರ್ಬನ್ ಕಾಪಿಯ ಅಕ್ಷರದ ಅಂಚು ಸ್ವಲ್ಪ ಮಸುಕಾಗಿರುತ್ತದೆ, ಹಿಂಬದಿ ಸವರಿದರೆ ಟೈಪ್‌ರೈಟರ್ ಒತ್ತಿದ ಗುಳಿ ಬೆರಳಿಗೆ ಸಿಗುತ್ತದೆ.

ಹಂತ 4: ಫೋಟೋವನ್ನು ಬಂಡೆಯ ಜೊತೆ ಹೊಂದಿಸಿ

ನನಗೆ ತುಂಬಾ ಇಷ್ಟದ ಕೆಲಸ ಇದು. ರಾಮನಗರದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆ ಹೆಸರೇ ಕಲ್ಲಿಗೂ ಬಂದಿದೆ. ಸುಮಾರು 250 ಕೋಟಿ ವರ್ಷದ ಕಲ್ಲು, ಐವತ್ತು ವರ್ಷಕ್ಕೆಲ್ಲ ಕದಲುವುದಿಲ್ಲ. ಗಿಡಮರ ಬೆಳೆದಿರುತ್ತದೆ, ರಸ್ತೆ ತಿರುಗಿರುತ್ತದೆ. ಬಂಡೆಯ ಬಿರುಕು, ತುದಿಯಲ್ಲಿ ಕೂತ ಗುಂಡು, ಮಳೆನೀರು ಇಳಿದು ಆದ ಕಪ್ಪು ಪಟ್ಟೆ ಅಲ್ಲೇ ಇರುತ್ತವೆ. ಕಲ್ಲು ಗಣಿಗಾರಿಕೆ ನಡೆದ ಗುಡ್ಡಗಳ ವಿಷಯ ಬೇರೆ.

ಮಾಡುವುದು ಹೀಗೆ. ಹಳೆ ಫೋಟೋದಲ್ಲಿ ಆಕಾಶಕ್ಕೂ ಬೆಟ್ಟಕ್ಕೂ ಸೇರುವ ಗೆರೆಯನ್ನು ಒಂದು ಟ್ರೇಸಿಂಗ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಎಳೆದುಕೊಳ್ಳಿ. ಫೋಟೋದ ಮೇಲೇ ಹಾಳೆ ಇಟ್ಟು ಒತ್ತಿ ಗೀಚಬೇಡಿ, ಪ್ರಿಂಟ್ ತೆಗೆದು ಅದರ ಮೇಲೆ ಎಳೆಯಿರಿ. ಸಿನಿಮಾದಲ್ಲಿ ಅದೇ ಬೆಟ್ಟ ಕಾಣುವ ದೃಶ್ಯವನ್ನು ನಿಲ್ಲಿಸಿ ಹೋಲಿಸಿ. ಆಮೇಲೆ ಸ್ಥಳಕ್ಕೆ ಹೋಗಿ. ಹತ್ತಿರದ ಒಂದು ಬಂಡೆ, ದೂರದ ಒಂದು ಬಂಡೆ, ಎರಡನ್ನು ಗುರುತಿಟ್ಟುಕೊಳ್ಳಿ. ಹಳೆ ಫೋಟೋದಲ್ಲಿ ಹತ್ತಿರದ ಬಂಡೆ ದೂರದ್ದರ ಎಡ ಅಂಚನ್ನು ಮುಚ್ಚಿದೆ ಅಂತಿಟ್ಟುಕೊಳ್ಳಿ. ನಿಮಗೆ ಅದು ಪೂರ್ತಿ ಕಾಣುತ್ತಿದ್ದರೆ ನೀವು ನಿಂತ ಜಾಗ ಸರಿಯಿಲ್ಲ. ಪಕ್ಕಕ್ಕೆ ಸರಿಯುತ್ತಾ ಹೋಗಿ. ಎರಡೂ ಬಂಡೆ ಸರಿಯಾಗಿ ಕೂತ ಕ್ಷಣ, ಐವತ್ತು ವರ್ಷದ ಹಿಂದೆ ಫೋಟೋಗ್ರಾಫರ್ ನಿಂತ ಕಡೆ ನೀವಿದ್ದೀರಿ. ಅಲ್ಲಿಂದ ಒಂದು ಫೋಟೋ ತೆಗೆದು, ಫೋನಿನ ಮ್ಯಾಪಿನಲ್ಲಿ ಆ ಜಾಗ ಗುರುತಿಸಿ. ಹಳೆಯದರ ಜೊತೆ ಈ ಹೊಸದನ್ನೂ ಹಂಚಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಇನ್ನೊಂದು ಸೂಕ್ಷ್ಮ ಇದೆ. ನಿಮ್ಮ ಕೈಯಲ್ಲಿರುವ ಫೋಟೋ ಸಿನಿಮಾದ ದೃಶ್ಯಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಹೊಂದಿದರೆ ಖುಷಿಪಡಬೇಡಿ. ಬಹುಶಃ ಅದು ಸಿನಿಮಾದ ರೀಲಿನಿಂದಲೇ ತೆಗೆದ ಚಿತ್ರ. ಸೆಟ್‌ನಲ್ಲಿ ಸ್ಟಿಲ್ ಫೋಟೋಗ್ರಾಫರ್ ಮೂವಿ ಕ್ಯಾಮೆರಾದ ಪಕ್ಕದಲ್ಲೋ ಹಿಂದೆಯೋ ನಿಂತು ತೆಗೆಯುತ್ತಿದ್ದ. ಅವನ ಕೋನ ಸ್ವಲ್ಪ ಬೇರೆ, ನಟರ ಕೈಕಾಲಿನ ಭಂಗಿಯೂ ಸ್ವಲ್ಪ ಬೇರೆ. ಅಂದರೆ ಚೂರು ಹೊಂದದೇ ಇರುವುದೇ ಒಳ್ಳೆಯ ಲಕ್ಷಣ.

ಸಿನಿಮಾದಲ್ಲಿ ಇಲ್ಲದೇ ಇರುವ ದೃಶ್ಯದ ಸ್ಟಿಲ್ ಸಿಕ್ಕಿದರಂತೂ ಎರಡು ಸಲ ನೋಡಿ. ಇಮಾಮ್ ಸಾಹೇಬರ ಮಗನನ್ನು ಗಬ್ಬರ್ ಕೊಲ್ಲುವ ದೃಶ್ಯಕ್ಕೆ 19 ದಿನ ಶೂಟಿಂಗ್ ಮಾಡಿದ್ದರು, ಕೊನೆಗೆ ಕೊಲೆ ತೆರೆಯ ಮೇಲೆ ಬರಲಿಲ್ಲ. ಗಬ್ಬರ್ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಠಾಕೂರ್ ತಾನೇ ಅವನನ್ನು ಕೊಲ್ಲುವಂತೆ ಮೊದಲು ತೆಗೆದಿದ್ದರು. ತುರ್ತು ಪರಿಸ್ಥಿತಿಯ ಕಾಲ, ಸೆನ್ಸಾರ್ ಒಪ್ಪಲಿಲ್ಲ, ಪೊಲೀಸರು ಬಂದು ಹಿಡಿಯುವಂತೆ ಬದಲಾಯಿಸಿದರು. ಇಂಥ ಬಿಟ್ಟುಹೋದ ದೃಶ್ಯಗಳ ಕುರುಹು ಮನೆಮಂದಿಯ ಆಲ್ಬಮ್ಮಿನಲ್ಲಿ ಸಿಗಬಹುದು. ರೆಕಾರ್ಡಿನಲ್ಲಿರುವ ಒಂದು ಕವ್ವಾಲಿಯೂ ಸಿನಿಮಾದಲ್ಲಿ ಇಲ್ಲ. ಹಾಡು ಧ್ವನಿಮುದ್ರಣ ಆಯಿತು, ಚಿತ್ರೀಕರಣ ಆಗಲೇ ಇಲ್ಲ.

ಸ್ಥಳಕ್ಕೆ ಹೋಗುವಾಗ ಎಚ್ಚರ. ರಾಮದೇವರ ಬೆಟ್ಟ ಈಗ ರಣಹದ್ದುಗಳ ವನ್ಯಧಾಮ, 2012ರಿಂದ. ಅರಣ್ಯ ಇಲಾಖೆ ಬಿಟ್ಟ ಕಡೆ ಮಾತ್ರ ಓಡಾಡಿ. ಡ್ರೋನ್ ಹಾರಿಸಬೇಡಿ. ಸೆಟ್‌ನ ಮೊಳೆ ಸಿಗುತ್ತೆ ಅಂತ ನೆಲ ಕೆದಕಬೇಡಿ. ಬಂಡೆಯ ಮೇಲೆ ಗಬ್ಬರ್ ಅಂತ ಬಣ್ಣ ಬಳಿಯುವವರು ಅಭಿಮಾನಿಗಳಲ್ಲ.

ಹಂತ 5: ಪೋಸ್ಟರು ಮೊದಲನೆಯದಾ, ಮರುಮುದ್ರಣವಾ?

ಮಾರುಕಟ್ಟೆಯಲ್ಲಿ ಓಡಾಡುವ ಶೋಲೆ ಪೋಸ್ಟರುಗಳಲ್ಲಿ ಮರುಬಿಡುಗಡೆಯವೂ ಹೊಸ ನಕಲುಗಳೂ ಬೇಕಾದಷ್ಟಿವೆ. ಮುಂಬೈನ ಚೋರ್ ಬಜಾರಿನಲ್ಲಾಗಲಿ, ಬೆಂಗಳೂರಿನ ಸಂಡೇ ಬಜಾರಿನಲ್ಲಾಗಲಿ "ಒರಿಜಿನಲ್ ಸಾರ್" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ.

ಒಂದು ಭೂತಗನ್ನಡಿ ಸಾಕು. ಹಳೆ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣ ಸಣ್ಣ ಸಣ್ಣ ಚುಕ್ಕಿಗಳಾಗಿ, ಗುಲಾಬಿ ಹೂವಿನ ಥರ ಸುತ್ತಿಕೊಂಡು ಕೂತಿರುತ್ತದೆ. ಇಂಕ್‌ಜೆಟ್ ನಕಲಿನಲ್ಲಿ ಬಣ್ಣ ಚಿಮುಕಿಸಿದ ಹಾಗೆ ಇರುತ್ತದೆ. ಇನ್ನೊಂದು ರೀತಿಯ ನಕಲು ಇದೆ: ಹಳೆ ಪೋಸ್ಟರನ್ನೇ ಸ್ಕ್ಯಾನ್ ಮಾಡಿ ಆಫ್‌ಸೆಟ್ ಹೊಡೆದದ್ದು. ಅದರಲ್ಲಿ ಸಣ್ಣ ಅಕ್ಷರದ ಅಂಚಿನಲ್ಲೂ ಚುಕ್ಕಿ ಕಾಣುತ್ತದೆ, ಮೂಲದಲ್ಲಿ ಆ ಅಕ್ಷರ ಗಟ್ಟಿ ಕಪ್ಪಾಗಿರಬೇಕು. ಮಡಿಕೆಯ ಗುರುತು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ ಅಂದರೆ ಮಡಿಕೆಯೂ ಅಚ್ಚಿನದೇ!

ಕೆಳಗಿನ ಅಂಚಿನಲ್ಲಿ ಮುದ್ರಕರ ಹೆಸರು, ಊರು ಇದೆಯಾ ನೋಡಿ. ವಿತರಕರ ಹೆಸರು ಬೇರೆ ಬೇರೆ ಇದ್ದರೆ ಅದು ಬೇರೆ ಪ್ರಾಂತ್ಯದ್ದೋ ಬೇರೆ ಬಿಡುಗಡೆಯದ್ದೋ ಆಗಿರಬಹುದು. ನಕಲಿ ಅಂತ ಥಟ್ಟನೆ ಹೇಳಬೇಡಿ.

ರೀಲಿನ ತುಂಡಿಗೆ ಸ್ಕೇಲ್ ಇಡಿ. ಶೋಲೆಯನ್ನು ತೆಗೆದದ್ದು 35 ಎಂಎಂನಲ್ಲಿ, ಆಮೇಲೆ 70 ಎಂಎಂಗೆ ಹಿಗ್ಗಿಸಿದರು. ಎರಡೂ ಬಗೆಯ ಪ್ರಿಂಟುಗಳು ಓಡಿದವು. ಮೂರೂವರೆ ಸೆಂಟಿಮೀಟರ್ ಅಗಲ, ಒಂದು ಬದಿಯಲ್ಲಿ ಅಂಕುಡೊಂಕಿನ ಸೌಂಡ್ ಗೆರೆ ಇದ್ದರೆ 35. ಏಳು ಸೆಂಟಿಮೀಟರ್ ಅಗಲ ಇದ್ದು, ತೂತುಗಳ ಪಕ್ಕ ಕಂದು ಬಣ್ಣದ ಮ್ಯಾಗ್ನೆಟಿಕ್ ಪಟ್ಟಿ ಇದ್ದರೆ ಅದು 70. ಹಾಗೇನಾದರೂ ಸಿಕ್ಕಿದರೆ ಮಕ್ಕಳ ಕೈಗೆ ಕೊಡಬೇಡಿ. ಹಳೆ ಸಿನಿಮಾಗಳನ್ನು ಕಾಪಾಡುವ ಫಿಲಂ ಹೆರಿಟೇಜ್ ಫೌಂಡೇಶನ್ ಅನ್ನೋ ಸಂಸ್ಥೆ ಈ ಸಿನಿಮಾವನ್ನು ರಿಸ್ಟೋರ್ ಮಾಡಲು ಹೊರಟಾಗ 70 ಎಂಎಂ ಪ್ರಿಂಟ್ ಒಂದೂ ಉಳಿದಿರಲಿಲ್ಲ, ಮೂಲ ನೆಗೆಟಿವ್ ಕೆಟ್ಟುಹೋಗಿತ್ತು. ಕೊನೆಗೆ ಬ್ರಿಟನ್ನಿನ ಗೋದಾಮಿನಲ್ಲಿ ಸಿಕ್ಕ ರೀಲುಗಳು ಕೈಹಿಡಿದವು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಮೊದಲಿನ ಕ್ಲೈಮ್ಯಾಕ್ಸ್ ಸಮೇತ ಅದನ್ನು ತೋರಿಸಿದರು.

ತುಂಡು ರೀಲಿನಿಂದ ವಿನೆಗರ್ ವಾಸನೆ ಬರುತ್ತಿದ್ದರೆ ರೀಲು ಮಾಡಿದ ಅಸಿಟೇಟ್ ಪ್ಲಾಸ್ಟಿಕ್ ಕೊಳೆಯುತ್ತಿದೆ ಅಂತ ಅರ್ಥ. ಬೇರೆ ಫಿಲಂಗಳಿಂದ ದೂರ ಇಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ.

ಹಂತ 6: ಸ್ಕ್ಯಾನ್ ಮಾಡುವುದು

ಸಾಧ್ಯವಾದರೆ ವಸ್ತುವಿನ ಮಾಲೀಕರ ಮನೆಯಲ್ಲೇ ಮಾಡಿ. "ಎರಡು ದಿನ ಬಿಟ್ಟು ತಂದ್ಕೊಡ್ತೀವಿ" ಅಂತ ತಗೊಂಡು ಹೋದ ಫೋಟೋ ವಾಪಸು ಬರದ ಮನೆ ಊರೂರಲ್ಲಿದೆ. ಅಂಥ ಮನೆಯವರು ಮತ್ತೆ ಯಾರಿಗೂ ಟ್ರಂಕ್ ತೆಗೆಯುವುದಿಲ್ಲ.

ಫೋಟೋಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಸ್ಕ್ಯಾನರ್ ಲೆಕ್ಕ), ಕಾಗದಪತ್ರ ಮತ್ತು ಹಾಡಿನ ಪುಸ್ತಕಕ್ಕೆ 400, ಪೋಸ್ಟರಿಗೆ 300 ಸಾಕು. 35 ಎಂಎಂ ನೆಗೆಟಿವ್‌ಗೆ 2400ರಿಂದ 3200. ಕಪ್ಪು ಬಿಳುಪು ಫೋಟೋವನ್ನೂ ಬಣ್ಣದ ಮೋಡಿನಲ್ಲೇ ಸ್ಕ್ಯಾನ್ ಮಾಡಿ, ಹಳದಿ ಕಲೆ, ಶಾಯಿಯ ಬಣ್ಣ ಗೊತ್ತಾಗುತ್ತದೆ. ಹಿಂಬದಿಯನ್ನು ಬಿಡಲೇಬೇಡಿ. ಸ್ಟುಡಿಯೋ ಸೀಲು, ಪೆನ್ಸಿಲ್ ನಂಬರು, ಯಾರೋ ಬರೆದ ತಾರೀಕು ಇರುವುದು ಅಲ್ಲೇ. ಮೂಲ ಪ್ರತಿಯನ್ನು ಗುಣಮಟ್ಟ ಕುಗ್ಗದ ಟಿಫ್ ಫೈಲ್ ಆಗಿ ಇಟ್ಟುಕೊಂಡು, ಹಂಚಲು ಗಾತ್ರ ಕಮ್ಮಿ ಇರುವ ಜೆಪೆಗ್ ಮಾಡಿ. ಬಣ್ಣ ತಿದ್ದುವುದು, ಗೀರು ಅಳಿಸುವುದು, ಎಐ ಹಾಕಿ ಮುಖ ಚೊಕ್ಕ ಮಾಡುವುದು, ಇವೆಲ್ಲ ಮೂಲ ಫೈಲಿಗೆ ಬೇಡವೇ ಬೇಡ. ಎಐ ಚೊಕ್ಕ ಮಾಡಿದ ಮುಖ ಆ ಮನುಷ್ಯನ ಮುಖವೇ ಅಲ್ಲ.

ಸ್ಕ್ಯಾನರ್ ಇಲ್ಲದಿದ್ದರೆ ಫೋನೇ ಸಾಕು. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫೋಟೋವನ್ನು ನೆಲದ ಮೇಲೆ ಸಮತಟ್ಟಾಗಿ ಇಡಿ. ಫ್ಲಾಷ್ ಆಫ್. ಫೋನನ್ನು ಸ್ಟೂಲಿನ ಅಂಚಿನಿಂದ ಹೊರಕ್ಕೆ ಚಾಚಿ, ಹಿಂದೆ ಪುಸ್ತಕದ ಭಾರ ಹೇರಿ ನಿಲ್ಲಿಸಿದರೆ ಕೈ ನಡುಗುವುದಿಲ್ಲ. ಪಕ್ಕದಲ್ಲೊಂದು ಸ್ಕೇಲ್ ಇಟ್ಟರೆ ಅಳತೆ ಗೊತ್ತಾಗುತ್ತದೆ. ಆಲ್ಬಮ್ಮಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ, ಪುಟ ಸಮೇತ ತೆಗೆಯಿರಿ. ನೆಗೆಟಿವ್ ಆದರೆ ಟ್ಯಾಬ್ಲೆಟ್ಟಿನಲ್ಲಿ ಬಿಳಿ ಪರದೆ ಹಾಕಿ, ಅದರಿಂದ ಒಂದೆರಡು ಇಂಚು ಮೇಲೆ ಹಿಡಿದು ತೆಗೆಯಿರಿ. ಪರದೆಗೆ ತಾಗಿಸಿದರೆ ಅದರ ಚುಕ್ಕಿಗಳೆಲ್ಲ ಬಂದುಬಿಡುತ್ತವೆ.

ಫೈಲಿಗೆ ಅರ್ಥವಾಗುವ ಹೆಸರು ಕೊಡಿ: ಶೋಲೆ-ರಾಮನಗರ-ಫೋಟೋ-007-ಮುಂದೆ, ಶೋಲೆ-ರಾಮನಗರ-ಫೋಟೋ-007-ಹಿಂದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಗಾತ್ರ ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಎರಡು ಬೇರೆ ಬೇರೆ ಜಾಗದಲ್ಲಿ ಪ್ರತಿ ಇರಲಿ.

ಹಂತ 7: ಮೂಲ ವಸ್ತುವಿನ ಆರೈಕೆ

ಲ್ಯಾಮಿನೇಶನ್ ಮಾಡಿಸಬೇಡಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ದೇವರ ಫೋಟೋದವರೆಗೆ ಎಲ್ಲಕ್ಕೂ ಲ್ಯಾಮಿನೇಶನ್ ಮಾಡಿಸುವ ಚಟ ಇದೆ. ಬಿಸಿ ರೋಲರಿನಲ್ಲಿ ಅಂಟು ಕಾಗದದೊಳಕ್ಕೆ ಇಳಿದುಬಿಡುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ. ಹಳೆ ಟೇಪು ಅಂಟಿದ್ದರೆ ಎಳೆಯಬೇಡಿ, ಹಾಗೇ ಬಿಡಿ.

ಕಾಗದ ಮುಟ್ಟಲು ತೊಳೆದು ಒರೆಸಿದ ಕೈ ಸಾಕು. ಫೋಟೋ, ನೆಗೆಟಿವ್‌ಗೆ ನೈಟ್ರೈಲ್ ಕೈಗವಸು ಹಾಕಿ, ಅಂಚಿನಲ್ಲಿ ಹಿಡಿಯಿರಿ. ಪಾಲಿಯೆಸ್ಟರ್ ಕವರಿನಲ್ಲೋ ಆಮ್ಲರಹಿತ ಕಾಗದದಲ್ಲೋ ಇಡಿ. ನ್ಯೂಸ್‌ಪೇಪರಿನಲ್ಲಿ ಸುತ್ತಿದರೆ ಅದರ ಆಮ್ಲ ಇದಕ್ಕೂ ಹತ್ತುತ್ತದೆ. ಅಟ್ಟ ಬೇಡ, ಬೇಸಿಗೆಯಲ್ಲಿ ಕಾಯುತ್ತದೆ. ನೆಲವೂ ಬೇಡ, ಗೆದ್ದಲು. ಮನೆಯೊಳಗಿನ ಬೀರು ಒಳ್ಳೆಯದು, ಹೊರಗೋಡೆಗೆ ತಾಗದಂತೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಆಗಾಗ ಬದಲಾಯಿಸಿ. ನುಸಿಗುಳಿಗೆಯನ್ನು ಫೋಟೋಗೆ ತಾಗಿಸಿ ಇಡಬೇಡಿ.

ಹಂತ 8: ವಿವರದ ಚೀಟಿ

ಪ್ರತಿ ವಸ್ತುವಿಗೂ ಒಂದು ಚೀಟಿ ಬರೆಯಿರಿ. ವಸ್ತುವಿನ ಮೇಲೆ ಪೆನ್ನಿನಲ್ಲಿ ಬರೆಯಬೇಡಿ. ಒಂದು ಮಾದರಿ ಇಲ್ಲಿದೆ:

"ಕಪ್ಪು ಬಿಳುಪು ಫೋಟೋ, ಬಿಳಿ ಅಂಚು, ಹಿಂದೆ ಸ್ಟುಡಿಯೋ ಸೀಲು. ಜಟಕಾ ಗಾಡಿಯ ಪಕ್ಕ ಮೂವರು ನಿಂತಿದ್ದಾರೆ, ಹಿಂದೆ ಬಂಡೆ. ಎಡಗಡೆಯವರು ಕೊಟ್ಟವರ ತಂದೆ, ಸೆಟ್‌ನಲ್ಲಿ ಬಡಗಿ ಕೆಲಸ ಮಾಡಿದ್ದರು: ಇದು ಕೊಟ್ಟವರ ಮಾತು. ಬಂಡೆಯ ಗೆರೆ ಸಿನಿಮಾದ ದೃಶ್ಯಕ್ಕೆ ಹೊಂದಿದೆ: ಇದು ನಾವು ನೋಡಿದ್ದು. 1974 ಇರಬಹುದು: ಇದು ಊಹೆ. ಮೂಲ ಫೋಟೋ ಮನೆಯವರ ಬಳಿಯೇ ಇದೆ. ಹಂಚಲು ಒಪ್ಪಿದ್ದಾರೆ, ಮನೆ ವಿಳಾಸ ಹಾಕಬಾರದು ಅಂದಿದ್ದಾರೆ."

ಹೇಳಿದ್ದು, ನೋಡಿದ್ದು, ಊಹೆ. ಈ ಮೂರನ್ನು ಬೇರೆ ಬೇರೆ ಇಟ್ಟರೆ ಮುಂದೆ ಯಾರಾದರೂ ಒಂದನ್ನು ತಪ್ಪು ಅಂತ ತೋರಿಸಿದರೂ ಮಿಕ್ಕ ಎರಡು ನಿಲ್ಲುತ್ತವೆ. "ನಮ್ಮನೆ ಬಾಗಿಲು ಠಾಕೂರ್ ಮನೆಯದ್ದು" ಅಂತ ಯಾರಾದರೂ ಹೇಳಿದರೆ ನಗಬೇಡಿ, ಒಪ್ಪಲೂ ಬೇಡಿ. ಚೀಟಿಯಲ್ಲಿ ಬರೆಯಿರಿ. ಹಲಗೆಯ ಸಂಖ್ಯೆ, ತಿರುಗಣಿಯ ಜಾಗ, ಮರದ ಗಂಟು ಸಿನಿಮಾದ ದೃಶ್ಯಕ್ಕೆ ಹೊಂದುತ್ತದಾ ನೋಡಿ, ಅದನ್ನೂ ಬರೆಯಿರಿ.

ಹಂತ 9: ಹಕ್ಕು ಯಾರದ್ದು?

ಫೋಟೋದ ಪ್ರಿಂಟ್ ನಿಮ್ಮದಾದ ಮಾತ್ರಕ್ಕೆ ಅದರ ಕಾಪಿರೈಟ್ ನಿಮ್ಮದಲ್ಲ. ನಿರ್ಮಾಪಕರು ಸಂಬಳ ಕೊಟ್ಟು ತೆಗೆಸಿದ ಸ್ಟಿಲ್‌ಗಳ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದ್ದು. ನಿಮ್ಮಪ್ಪ ತನ್ನ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಹಕ್ಕು ಅವರದ್ದು, ಅವರ ನಂತರ ಮನೆಯವರದ್ದು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಅಂದರೆ ಶೋಲೆಗೆ 2035 ಮುಗಿಯುವವರೆಗೆ.

ಅಭಿಮಾನಿಗಳು ನಾಲ್ಕು ಜನ ಸೇರಿ ಸ್ಟಿಲ್ ನೋಡಿಕೊಂಡು ಮಾತಾಡುವುದಕ್ಕೂ ಅದನ್ನು ಮಗ್ಗಿನ ಮೇಲೆ ಅಚ್ಚು ಹಾಕಿ ಮಾರುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಈ ಸಿನಿಮಾದ ಹೆಸರು, ಪಾತ್ರಗಳ ವಿಷಯದಲ್ಲಿ ಮಾಲೀಕರು ದೆಹಲಿ ಹೈಕೋರ್ಟಿಗೆ ಹೋಗಿ ಗೆದ್ದಿದ್ದಾರೆ ಕೂಡ. ಪ್ರದರ್ಶನ ಮಾಡುವುದಿದ್ದರೆ, ಪುಸ್ತಕ ತರುವುದಿದ್ದರೆ ಬರೆದು ಅನುಮತಿ ಕೇಳಿ.

ಕಾನೂನಿಗಿಂತ ಮುಖ್ಯವಾದದ್ದು ಫೋಟೋದಲ್ಲಿರುವವರ ಮನೆಯವರು. ಯಾರದೋ ಅಜ್ಜಿ ಹುಡುಗಿಯಾಗಿದ್ದಾಗ ಗುಂಪಿನ ದೃಶ್ಯದಲ್ಲಿ ನಿಂತಿರಬಹುದು, ಮನೆಯಲ್ಲಿ ಅದನ್ನು ಯಾರಿಗೂ ಹೇಳದೇ ಇರಬಹುದು. ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಹಂತ 10: ಹಂಚುವುದು

ಆನ್‌ಲೈನ್‌ಗೆ ಮೊದಲು ಊರಿನಲ್ಲೇ ಒಂದು ಸಣ್ಣ ಪ್ರದರ್ಶನ ಮಾಡಿ. ಶಾಲೆಯ ಒಂದು ಕೋಣೆ, ಗ್ರಂಥಾಲಯದ ಹಾಲ್ ಸಾಕು. ಮೂಲ ಫೋಟೋ ಬೇಡ, ಪ್ರಿಂಟ್ ಹಾಕಿ. ಪ್ರತಿ ಫೋಟೋದ ಕೆಳಗೆ ಖಾಲಿ ಹಾಳೆ ಅಂಟಿಸಿ, ಪೆನ್ಸಿಲ್ ಕಟ್ಟಿಡಿ. ಬಂದವರು "ಇವ್ರು ನಮ್ಮ ಮಾವ" ಅಂತ ಬರೆದು ಹೋಗುತ್ತಾರೆ. ಸಂತೆ ದಿನ ಇಟ್ಟರೆ ಸುತ್ತಲ ಹಳ್ಳಿಯವರೂ ಬರುತ್ತಾರೆ.

ಆನ್‌ಲೈನಿನಲ್ಲಿ ಹಾಕುವಾಗ ಒಂದೇ ಸಲ ಇಡೀ ಕಂತೆ ಸುರಿಯಬೇಡಿ. ಒಂದು ಫೋಟೋ, ಅದರ ಚೀಟಿ, ಅದರ ಬಗ್ಗೆ ಒಂದು ಪ್ರಶ್ನೆ. "ಈ ಬಂಡೆ ಯಾವ ಕಡೆಯದ್ದು, ಗೊತ್ತಾ?" ಅಂತ ಕೇಳಿದರೆ ಉತ್ತರ ಬರುತ್ತದೆ. ಸುಮ್ನೆ ಹಾಕಿದರೆ ಬರುವುದು ಲೈಕ್ ಮಾತ್ರ. ಫೋಟೋ ಅಡ್ಡಲಾಗಿ ನಿಮ್ಮ ಹೆಸರಿನ ವಾಟರ್‌ಮಾರ್ಕ್ ಹಾಕಬೇಡಿ, ಬಂಡೆಯ ಮೇಲೆ ಬಣ್ಣ ಬಳಿದವರಿಗೂ ನಿಮಗೂ ಆಮೇಲೆ ಏನು ವ್ಯತ್ಯಾಸ? ಅಂಚಿನ ಕೆಳಗೆ ಒಂದು ಸಾಲು ಸಾಕು, ಅದರಲ್ಲೂ ಮೊದಲು ಕೊಟ್ಟವರ ಹೆಸರು, ಅವರು ಒಪ್ಪಿದ್ದರೆ.

ಮೂಲ ವಸ್ತುವನ್ನು ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಬಹುದು. 1964ರಲ್ಲಿ ಶುರುವಾದ ಸಂಸ್ಥೆ, ಪೋಸ್ಟರು, ಹಾಡಿನ ಪುಸ್ತಕ, ಸ್ಟಿಲ್‌ಗಳನ್ನೂ ಇಟ್ಟುಕೊಳ್ಳುತ್ತದೆ. ಮುಂಬೈನ ಫಿಲಂ ಹೆರಿಟೇಜ್ ಫೌಂಡೇಶನ್ನೂ ಇದೆ. ಕೊಡುವ ಮೊದಲು ಪಟ್ಟಿ ಮಾಡಿ, ಪ್ರತಿ ವಸ್ತುವಿನ ಜೊತೆ ಚೀಟಿಯ ಪ್ರತಿ ಇಡಿ, ದಾನವೋ ಎರವಲೋ ಅಂತ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ, ಸ್ವೀಕೃತಿ ಪತ್ರ ತಗೊಳ್ಳಿ. ಆ ಪತ್ರದ ಒಂದು ಜೆರಾಕ್ಸನ್ನು ಫೋಟೋ ಕೊಟ್ಟ ಮನೆಗೆ ಮುಟ್ಟಿಸಿ ಬನ್ನಿ.